ಬಣ್ಣದಕ್ಕ ಬರೆದ ಎರಡು ಸಾಲು

ಆಸ್ಪತ್ರೆಯ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ಕೋಣೆಗೆ ಅಂಟಿಕೊಂಡಂತೆ, ಕೃತಕ ಕೈಕಾಲು ಮಾಡುವ ಕಾರ್ಯಾಗಾರವಿದೆ. ಅಲ್ಲಿ ಕಿಟಕಿಯ ಪಕ್ಕದ ಮೇಜು ಬಣ್ಣದಕ್ಕನದು. ರಬ್ಬರಿನಂಥ ಮೆತ್ತನೆಯ ಕೈಗಳಿಗೆ ಮನುಷ್ಯರ ಚರ್ಮದ ಬಣ್ಣ ಕೊಡುವುದು ಅವಳ ಕೆಲಸ. ಕೈ ಕಳೆದುಕೊಂಡವರು ಎದುರಿಗೆ ಕೂತು, ಉಳಿದಿರುವ ಕೈಯನ್ನು ಬೆಳಕಿಗೆ ಚಾಚುತ್ತಾರೆ. ಅದನ್ನು ನೋಡಿ ನೋಡಿ ಅವಳು ಇನ್ನೊಂದಕ್ಕೆ ಬಣ್ಣ ಹಾಕುತ್ತಾಳೆ. ಗೆಣ್ಣುಗಳ ಮೇಲೆ ಕೊಂಚ ಗಾಢ, ಅಂಗೈಗೆ ತಿಳಿ, ಉಗುರಿನ ಬುಡದಲ್ಲಿ ಒಂದಿಷ್ಟು ಗುಲಾಬಿ, ಮಣಿಕಟ್ಟಿನ ಒಳಮಗ್ಗುಲಲ್ಲಿ ನೀಲಿಯ ಎಳೆ. ಕೂತವರಿಗೆ ಬೇಸರವಾಗದಿರಲಿ ಎಂದು ಜೊತೆಗೆ ಮಾತು. ಅವಳ ಕೈ ನಿಂತರೂ ಬಾಯಿ ನಿಂತದ್ದನ್ನು ಆಸ್ಪತ್ರೆಯಲ್ಲಿ ಯಾರೂ ಕಂಡವರಿಲ್ಲ.

ಈ ಕೆಲಸಕ್ಕೆ ಅವಳು ಬಂದದ್ದೇ ಒಂದು ತಮಾಷೆ. ಮದುವೆಗೆ ಮುಂಚೆ, ಸಾಮಾನು ಕೋಣೆಯಲ್ಲಿ ಡಬ್ಬಗಳನ್ನು ಜೋಡಿಸಿಡುವ ಹುಡುಗಿಯಾಗಿ ಸೇರಿಕೊಂಡಿದ್ದಳು. ಆಗ ಕೈಗಳೆಲ್ಲ ಒಂದೇ ಬಣ್ಣದಲ್ಲಿ ತಯಾರಾಗಿ ಬರುತ್ತಿದ್ದವು, ನಸುಗೆಂಪು ಬಣ್ಣದಲ್ಲಿ. ಡಬ್ಬದ ಮೇಲೆ ‘ಚರ್ಮದ ಬಣ್ಣ’ ಎಂದು ಅಚ್ಚಾಗಿರುತ್ತಿತ್ತು. ಯಾರ ಚರ್ಮ ಎಂದು ಕೇಳುವವರಿರಲಿಲ್ಲ. ಒಮ್ಮೆ ಕಪ್ಪು ಮೈಬಣ್ಣದ ಶಾಲಾ ಮೇಷ್ಟ್ರೊಬ್ಬರು ಅಳತೆ ಕೊಟ್ಟು ತಮ್ಮ ಊರಿಗೆ ಹೋದರು. ಅವರಿಗೆ ಆ ನಸುಗೆಂಪು ಕೈ ಕೊಟ್ಟು ಕಳಿಸಲು ಕಾರ್ಯಾಗಾರದ ಮೇಸ್ತ್ರಿಗೆ ಮನಸ್ಸು ಬರಲಿಲ್ಲ. ಅವನು ಸಾಮಾನು ಕೋಣೆಗೆ ಬಂದು, ತಲೆ ಕೆರೆದುಕೊಳ್ಳುತ್ತ, ಮೇಷ್ಟ್ರ ಬಣ್ಣ ಹೆಚ್ಚುಕಡಿಮೆ ನಿನ್ನದೇ, ಸ್ವಲ್ಪ ಹೊತ್ತು ನಿನ್ನ ಕೈ ಕೊಡಮ್ಮ, ನೋಡಿಕೊಂಡು ಬೆರೆಸುತ್ತೇನೆ ಎಂದ. ಹೀಗೆ ಅವಳ ಮೊದಲ ಕೆಲಸ ಕೈಯಾಗಿ ನಿಲ್ಲುವುದು. ನಿಂತೂ ನಿಂತೂ ಕೈ ಜೋಮು ಹಿಡಿಯಿತು. ಮೇಸ್ತ್ರಿ ಬೆರೆಸಿದ್ದು ಒಮ್ಮೆ ಇದ್ದಿಲಾಯಿತು, ಒಮ್ಮೆ ಇಟ್ಟಿಗೆಯಾಯಿತು. ಕೊನೆಗೆ ಅವಳೇ, “ಮೇಸ್ತ್ರಿ, ನನ್ನ ಕೈ ನಾನೇ ನೋಡ್ಕೊಂಡು ಬೆರೆಸ್ತೀನಿ. ನೀವು ಹೋಗಿ ಟೀ ಕುಡಿದು ಬನ್ನಿ” ಎಂದಳು. ಟೀ ಕುಡಿಯಲು ಹೋದ ಆ ಪುಣ್ಯಾತ್ಮ ಮತ್ತೆಂದೂ ಕುಂಚ ಮುಟ್ಟಲಿಲ್ಲ. ನಿವೃತ್ತನಾಗುವವರೆಗೂ ಬಂದವರಿಗೆಲ್ಲ, ಬಣ್ಣದ ವಿಷಯ ನನ್ನನ್ನು ಕೇಳಬೇಡಿ, ಬಣ್ಣದಕ್ಕನನ್ನು ಕೇಳಿ ಎನ್ನುತ್ತಿದ್ದ. ಹೆಸರು ಹಾಗೇ ಅಂಟಿಕೊಂಡಿತು.

ಅವಳ ಅಪ್ಪ ಕಪ್ಪು, ಅಮ್ಮ ಬಿಳಿ. ಅಪ್ಪ ಹರೆಯದಲ್ಲಿ ಹಡಗಿನ ಅಡುಗೆಮನೆಯ ಕೆಲಸದವರಾಗಿ ದೂರದ ಖಂಡದಿಂದ ಬಂದವರು. ಹಡಗು ರಿಪೇರಿಗೆ ನಿಂತಿದ್ದಾಗ ಬಂದರಿನ ಬೀದಿಯ ಬೇಕರಿಯೊಂದರಲ್ಲಿ ನಾಲ್ಕು ದಿನ ಕೈಜೋಡಿಸಿದರು. ಹಡಗು ಹೊರಟಿತು, ಅವರು ಹೊರಡಲಿಲ್ಲ. ಬೇಕರಿಯ ಎದುರಿನ ಹೊಲಿಗೆ ಅಂಗಡಿಯಲ್ಲಿ ಕಾಲರು ಹೊಲಿಯುತ್ತಿದ್ದ ಹುಡುಗಿಯೇ ಅದಕ್ಕೆ ಕಾರಣ. ಹುಡುಗಿಯ ಮನೆಯವರು ಹಾರಾಡಿದರು, ಕೂಗಾಡಿದರು, ಕೆಲವು ವರ್ಷ ಮಾತು ಬಿಟ್ಟರು. ಮೊದಲ ಮೊಮ್ಮಗು ಹುಟ್ಟಿದಾಗ ನೋಡಲು ಬಂದವರು ಮುಖ ಗಂಟು ಹಾಕಿಕೊಂಡೇ ಎತ್ತಿಕೊಂಡರು, ಮತ್ತೆ ಕೆಳಗಿಳಿಸಲೇ ಇಲ್ಲ.

ಆ ಮೊಮ್ಮಗುವೇ ಬಣ್ಣದಕ್ಕ. ಅಪ್ಪನನ್ನೇ ಅಚ್ಚೊತ್ತಿದಂತೆ ಕಪ್ಪಗೆ, ಸುರುಳಿ ಕೂದಲಿನೊಂದಿಗೆ ಹುಟ್ಟಿದಳು. ಅವಳ ಬೆನ್ನಿಗೆ ಹುಟ್ಟಿದ ತಮ್ಮನೋ ಅಮ್ಮನ ಹಾಗೆ, ಅಮ್ಮನಿಗಿಂತ ಒಂದು ಕೈ ಮಿಗಿಲಾಗಿ ಬೆಳ್ಳಗೆ, ನೆಟ್ಟನೆಯ ಕಂದು ಕೂದಲಿನೊಂದಿಗೆ. ಅಪ್ಪ ಅವರನ್ನು ದೊಡ್ಡೋಳು, ಚಿಕ್ಕೋನು ಎಂದೇ ಕರೆಯುತ್ತಿದ್ದರು. ಸಂಜೆ ಬೇಕರಿಯಿಂದ ಬರುವಾಗ ಅವರ ಮುಖ, ಮೀಸೆ, ತೋಳು ಎಲ್ಲ ಮೈದಾ ಹಿಟ್ಟು. ಬಾಗಿಲಲ್ಲೇ ನಿಂತು ಮಗನನ್ನು ಪಕ್ಕಕ್ಕೆ ಎಳೆದುಕೊಂಡು, “ಈಗ ನೋಡಿ ಹೇಳಿ, ನಾನೂ ಚಿಕ್ಕೋನೂ ಒಂದೇ ತರಹ ಇದೀವೋ ಇಲ್ವೋ” ಎಂದು ಕೇಳುತ್ತಿದ್ದರು. ಅಮ್ಮ, ಮೊದಲು ಹೋಗಿ ಸ್ನಾನ ಮಾಡಿ ಎನ್ನುತ್ತಿದ್ದಳು.

ಅಮ್ಮನೂ ಮಾತಿನಲ್ಲಿ ಸೋಲುವವಳಲ್ಲ. ಮಕ್ಕಳಿಬ್ಬರನ್ನೂ ಕರೆದುಕೊಂಡು ಉದ್ಯಾನದ ಬೆಂಚಿನ ಮೇಲೆ ಕೂತಿದ್ದಾಗ ಒಬ್ಬ ಹೆಂಗಸು, ಹುಡುಗನನ್ನು ನೋಡಿ ನಕ್ಕು, ಹುಡುಗಿಯನ್ನು ನೋಡಿ ದನಿ ತಗ್ಗಿಸಿ, “ಇವಳನ್ನ ಸಾಕಿಕೊಂಡಿದೀರಾ?” ಎಂದು ಕೇಳಿದಳು.

“ಹೌದು,” ಎಂದಳು ಅಮ್ಮ. “ಇಬ್ಬರನ್ನೂ ಸಾಕ್ತಾ ಇದೀನಿ. ಮೂರು ಹೊತ್ತೂ ಊಟ ಹಾಕಿ.”

ಮನೆಯೊಳಗೆ ಇದೆಲ್ಲ ನಗುವ ಸಂಗತಿಯೇ ಆಗಿತ್ತು. ಹೊರಗೆ ಹಾಗಿರಲಿಲ್ಲ. ತಮ್ಮ ದೊಡ್ಡ ಶಾಲೆಗೆ ಸೇರಿದ ಹೊಸತರಲ್ಲಿ, ಅವನು ಮರೆತು ಹೋಗಿದ್ದ ಊಟದ ಡಬ್ಬಿ ಕೊಡಲು ಅವಳು ಗೇಟಿನ ಹತ್ತಿರ ಹೋದಳು. ಅವನ ಜೊತೆ ಹೊಸ ಸ್ನೇಹಿತರ ಹಿಂಡಿತ್ತು. ಅವಳು ಯಾರು ಎಂದು ಒಬ್ಬ ಕೇಳಿದ. ತಮ್ಮ ಡಬ್ಬಿ ತೆಗೆದುಕೊಂಡು, ಅವಳ ಮುಖ ನೋಡದೆ, “ಪಕ್ಕದ ಮನೆಯವಳು” ಎಂದ. ಅವಳು ಮನೆಗೆ ಬಂದು ಯಾರಿಗೂ ಹೇಳಲಿಲ್ಲ. ಸಂಜೆ ಅವನು ಅಳುತ್ತ ಬಂದು ಅವಳ ಹಾಸಿಗೆಯ ತುದಿಯಲ್ಲಿ ಕೂತ. ಅವಳು ಅವನಿಗೆ ಬೆನ್ನು ಮಾಡಿ ಮಲಗಿದಳು. ಮರುದಿನ ಬೆಳಗ್ಗೆ ಇಬ್ಬರೂ ಎಂದಿನಂತೆ ಕಿತ್ತಾಡಿಕೊಂಡು ತಿಂಡಿ ತಿಂದರು. ಮಾತು ಅಲ್ಲಿಗೆ ಮುಗಿಯಿತು, ಆದರೆ ಅವಳ ಎದೆಯಲ್ಲಿ ಒಂದು ಮುಳ್ಳು ಮುರಿದುಕೊಂಡು ಉಳಿಯಿತು.

ಹಾಗೆ ನೋಡಿದರೆ ತಮ್ಮ ಒಳ್ಳೆಯವನೇ. ಅಪ್ಪ ತಾವು ಕೆಲಸಕ್ಕಿದ್ದ ಬೇಕರಿಯನ್ನೇ ಮುಂದೆ ಕೊಂಡುಕೊಂಡಾಗ, ಓದು ಬಿಟ್ಟು ಅಪ್ಪನ ಪಕ್ಕ ಒಲೆಯ ಮುಂದೆ ನಿಂತವನು ಅವನು. ಅವಳ ಮದುವೆಯಲ್ಲಿ ಅಮ್ಮನಿಗಿಂತ ಹೆಚ್ಚು ಅತ್ತವನೂ ಅವನೇ. ಭಾನುವಾರ ಬೆಳಗಾದರೆ ಕಾಗದದ ಚೀಲದಲ್ಲಿ ಬಿಸಿ ಬ್ರೆಡ್ಡು ಹಿಡಿದು ಅಕ್ಕನ ಮನೆಗೆ ಬರುತ್ತಾನೆ, ಅರ್ಧ ತಾನೇ ತಿಂದು ಹೋಗುತ್ತಾನೆ. ಬಣ್ಣದಕ್ಕನ ಗಂಡ ನಿವೃತ್ತ ಅಂಚೆಯವನು, ಮಾತು ಕಡಿಮೆ. ಅಕ್ಕ ತಮ್ಮ ಎದುರುಬದುರು ಕೂತರೆಂದರೆ ಅವನು ಚಪ್ಪಲಿ ಮೆಟ್ಟಿಕೊಂಡು ವಾಕಿಂಗ್ ಹೊರಡುವುದು ಆ ಮನೆಯ ರೂಢಿ.

ಆದರೆ ಅಪ್ಪ ತೀರಿಕೊಂಡ ಮಧ್ಯಾಹ್ನದ ಒಂದು ನೋಟ ಅವಳ ಕಣ್ಣಿನಿಂದ ಹೋಗಿರಲಿಲ್ಲ. ಅವಳು ಬೆಳಗಿನಿಂದ ಅಪ್ಪನ ಕೈ ಹಿಡಿದು ವಾರ್ಡಿನೊಳಗೆ ಕೂತಿದ್ದಳು. ಅಪ್ಪ ಎರಡು ಸಲ ಚಿಕ್ಕೋನು ಬಂದನೇ ಎಂದು ಕೇಳಿದರು. ಮೂರನೆಯ ಸಲ ಕೇಳಲಿಲ್ಲ. ಎಲ್ಲ ಮುಗಿದ ಮೇಲೆ ಅವಳು ಬಾಗಿಲು ತೆರೆದು ಹೊರಗೆ ಬಂದರೆ, ತಮ್ಮ ಏಪ್ರನ್ ಕೂಡ ಬಿಚ್ಚದೆ ಗೋಡೆಗೆ ಒರಗಿ ನಿಂತಿದ್ದಾನೆ. ನಿಂತ ಭಂಗಿ ನೋಡಿದರೆ ಬಂದು ಬಹಳ ಹೊತ್ತಾಗಿದೆ. ಒಳಗೆ ಬರುವುದಕ್ಕೆ ನಿನಗೇನಾಗಿತ್ತು ಎಂದು ಕೇಳಿದಳು. ಅವನು ತಲೆ ತಗ್ಗಿಸಿ ಏಪ್ರನ್ನಿನ ಗಂಟು ಬಿಚ್ಚತೊಡಗಿದ. ಅವಳಿಗೆ ಶಾಲೆಯ ಗೇಟು ನೆನಪಾಯಿತು. ಅಷ್ಟು ಜನರ ಮುಂದೆ ಕಪ್ಪು ಅಪ್ಪನ ಮಗ ಎನ್ನಿಸಿಕೊಳ್ಳಲು ಇವನಿಗೆ ನಾಚಿಕೆಯಾಯಿತು ಎಂದು ಅವಳೇ ತೀರ್ಮಾನಿಸಿದಳು. ಕ್ಷಮಿಸಿಯೂ ಬಿಟ್ಟಳು. ಕಾರಣ ತಿಳಿಯದೆಯೇ ಕ್ಷಮಿಸಿದ್ದರಿಂದ ಅದು ಹೋಗದೆ ಒಳಗೇ ಕೂತಿತು.

ವರ್ಷಗಳು ಉರುಳಿದವು. ಕಳೆದ ವರ್ಷ ಬೀರು ಕೊಳ್ಳಲು ತಮ್ಮನ ಜೊತೆ ಪೀಠೋಪಕರಣದ ಅಂಗಡಿಗೆ ಹೋಗಿದ್ದಳು. ಅಂಗಡಿಯವನು ತಮ್ಮನಿಗೆ ಬೀರುವಿನ ಬಾಗಿಲು ತೆರೆದು ತೋರಿಸುತ್ತ, ನಿಮ್ಮ ಮನೆ ಕೆಲಸದವರಿಗೆ ಕೈಗೆಟುಕುವ ಹಾಗೆ ಬೇಕಾದರೆ ಈ ಹಲಗೆ ಕೆಳಗೆ ಇಡಿಸಿಕೊಡುತ್ತೇನೆ ಎಂದು ಅವಳತ್ತ ಕೈ ತೋರಿಸಿದ. ತಮ್ಮ ಬಾಯಿ ತೆರೆಯುವನೆಂದು ಅವಳು ಕಾದಳು. ಅವನು ಬಾಯಿ ತೆರೆದ, ಮನೆಗೆ ಯಾವಾಗ ತಲುಪಿಸುತ್ತೀರಿ ಎಂದು ಕೇಳಿದ.

ಗ್ರಂಥಾಲಯದಲ್ಲಿ ಸಂಜೆಯ ಬರವಣಿಗೆ ತರಗತಿ ಶುರುವಾದದ್ದು ಆಮೇಲೆ. ಎಲುಬಿನ ವಾರ್ಡಿನ ನರ್ಸು ಅವಳನ್ನು ಒತ್ತಾಯ ಮಾಡಿ ಕರೆದುಕೊಂಡು ಹೋದಳು. ದಿನವಿಡೀ ನಮ್ಮ ತಲೆ ತಿನ್ನುವುದನ್ನು ಸ್ವಲ್ಪ ಕಾಗದಕ್ಕಾದರೂ ವರ್ಗಾಯಿಸು ಎಂಬುದು ಅವಳ ವಾದ. ತರಗತಿ ನಡೆಸುವ ಗ್ರಂಥಾಲಯದ ಮೇಡಂ ಸಣ್ಣ ದನಿಯ, ದೊಡ್ಡ ಕನ್ನಡಕದ ಹೆಂಗಸು. ಎಲ್ಲರಿಗೂ ಅಂಗೈಯಷ್ಟು ಅಗಲದ ಕಾರ್ಡು ಹಂಚಿ, ನಿಮ್ಮ ಬಣ್ಣದ ಬಗ್ಗೆ, ನಿಮ್ಮ ಜನಾಂಗದ ಬಗ್ಗೆ ಬರೆಯಿರಿ, ಒಂದು ಉಸಿರಿನಲ್ಲಿ ಓದಿ ಮುಗಿಸುವಷ್ಟು ಮಾತ್ರ, ನಿಮ್ಮದೇ ಅನುಭವ ಮಾತ್ರ ಎಂದರು. ಒಪ್ಪಿಗೆ ಇದ್ದವರ ಕಾರ್ಡುಗಳನ್ನು ಹೆಸರಿಲ್ಲದೆ ಗೋಡೆಗೆ ಅಂಟಿಸುತ್ತಾರಂತೆ.

ಹೆಚ್ಚಿನವರು ಖಾಲಿ ಕಾರ್ಡನ್ನು ಹಿಂದೆಮುಂದೆ ತಿರುಗಿಸತೊಡಗಿದರು. ಗುಂಗುರು ಕೂದಲಿನ ನರ್ಸು ಮಾತ್ರ ಸರಸರನೆ ಬರೆದು ಓದಿಯೇಬಿಟ್ಟಳು: ‘ನನ್ನ ಕೂದಲನ್ನು ಕೇಳದೆ ಮುಟ್ಟಿದವರು ಬಹಳ. ಕೇಳಿ ಮುಟ್ಟಿದವನು ಒಬ್ಬನೇ. ಅವನನ್ನೇ ಮದುವೆಯಾದೆ.’ ಎಲ್ಲರೂ ನಕ್ಕರು. ಮೂಲೆಯಲ್ಲಿ ಕೂತಿದ್ದ ಬಿಳಿ ಮೈಬಣ್ಣದ ನಿವೃತ್ತ ಟ್ರಾಫಿಕ್ ಪೊಲೀಸಿನವನು ಪೆನ್ನಿನ ಹಿಂಬದಿ ಕಚ್ಚಿ ಕಚ್ಚಿ ಕೊನೆಗೆ ಬರೆದದ್ದು ಇಷ್ಟು: ‘ನನಗೂ ಒಂದು ಬಣ್ಣ ಇದೆ ಎಂದು ಈವರೆಗೆ ಯಾರೂ ನನಗೆ ನೆನಪು ಮಾಡಿರಲಿಲ್ಲ.’ ಓದಿ ಮುಗಿಸಿ ಅವನು, ಇದು ಸರಿಯೋ ತಪ್ಪೋ ಗೊತ್ತಿಲ್ಲ ಎಂದ. ನಿಮ್ಮದು ತಾನೇ, ಹಾಗಾದರೆ ಸರಿ ಎಂದರು ಮೇಡಂ.

ಬಣ್ಣದಕ್ಕನಿಗೆ ಮಾತು ಸಣ್ಣದು ಮಾಡುವುದೇ ಗೊತ್ತಿಲ್ಲ. ಕಾರ್ಡು ಸಾಲದೆ ಹಾಳೆ ಕೇಳಿ ತೆಗೆದುಕೊಂಡು, ಅಪ್ಪನ ಹಡಗಿನಿಂದ ಹಿಡಿದು ಮೇಸ್ತ್ರಿಯ ಟೀವರೆಗೆ ಬರೆದಳು. ಮೇಡಂ ಅಷ್ಟನ್ನೂ ಓದಿದರು, ನಡುನಡುವೆ ನಕ್ಕರು, ಆಮೇಲೆ ಹಾಳೆಗಳನ್ನು ವಾಪಸು ಕೊಟ್ಟು, “ಇದರಲ್ಲಿ ಯಾವುದನ್ನ ಬಿಟ್ಟರೆ ನಿಮಗೆ ಸಮಾಧಾನ ಆಗೋದಿಲ್ವೋ ಅದೊಂದನ್ನ ಉಳಿಸಿ” ಎಂದರು.

ಅವಳು ಹಾಳೆಗಳನ್ನು ಮನೆಗೆ ತಂದು ಅಡುಗೆಮನೆಯ ಮೇಜಿನ ಮೇಲೆ ಹರಡಿದಳು. ತರಕಾರಿ ಹೆಚ್ಚುತ್ತ ಒಂದು ಸಾಲು ಹೊಡೆದು ಹಾಕಿದಳು, ಒಲೆಯ ಮೇಲಿನದನ್ನು ಕೆದಕಿ ಬಂದು ಇನ್ನೊಂದು. ಅಮ್ಮನ ಉತ್ತರ ಹೊಡೆಯುವಾಗ ಸಂಕಟವಾಯಿತು, ಅಪ್ಪನ ಮೈದಾ ಮೀಸೆ ಹೊಡೆಯುವಾಗ ಇನ್ನೂ ಹೆಚ್ಚು. ಹಾಗೆ ಹೊಡೆಯುತ್ತ ಹೊಡೆಯುತ್ತ ಉಳಿದದ್ದನ್ನು ನೋಡಿ ಅವಳಿಗೇ ಗಾಬರಿಯಾಯಿತು. ಇದನ್ನು ಬರೆಯಬೇಕೆಂದು ಅವಳು ಕೂತಿರಲೇ ಇಲ್ಲ. ಆದರೂ ಮುಂದಿನ ತರಗತಿಯಲ್ಲಿ ಕಾರ್ಡಿನ ಮೇಲೆ ದುಂಡಗೆ ಬರೆದು ಕೊಟ್ಟಳು:

‘ತಮ್ಮನ ಜೊತೆ ಹೋದರೆ ಜನ ನನ್ನನ್ನು ಅವನ ಮನೆಯ ಕೆಲಸದವಳು ಅಂದುಕೊಳ್ಳುತ್ತಾರೆ. ಅವನು ತಿದ್ದುವುದಿಲ್ಲ.’

ಹೆಸರಿಲ್ಲದಿದ್ದರೇನು, ಅಕ್ಷರಕ್ಕೆ ಗುರುತಿರುತ್ತದಲ್ಲ. ಅವಳ ನಾದಿನಿಗೆ, ಅಂದರೆ ತಮ್ಮನ ಹೆಂಡತಿಗೆ, ಕಾದಂಬರಿ ಓದುವ ಚಟ. ಪುಸ್ತಕ ಬದಲಾಯಿಸಲು ಹೋದವಳು ಗೋಡೆಯ ಮುಂದೆ ನಿಂತಳು. ಅಡುಗೆಯ ವಿಧಾನಗಳನ್ನೂ ಹುಟ್ಟುಹಬ್ಬದ ಹಾರೈಕೆಗಳನ್ನೂ ಅದೇ ದುಂಡನೆಯ ಅಕ್ಷರದಲ್ಲಿ ಎಷ್ಟೋ ವರ್ಷಗಳಿಂದ ಓದಿದವಳು. ನೇರ ಬೇಕರಿಗೆ ಹೋಗಿ ಗಂಡನಿಗೆ ಹೇಳಿದಳು. ಅವನು ಬೇಕರಿಯ ಬಾಗಿಲು ಅರ್ಧಕ್ಕೆ ಎಳೆದು, ಗ್ರಂಥಾಲಯಕ್ಕೆ ಹೋಗಿ, ತಾನೇ ಓದಿಕೊಂಡು ಬಂದ.

ಆ ಭಾನುವಾರವೂ ಅವನು ಬಂದ, ಆದರೆ ಬ್ರೆಡ್ಡಿಗೆ ಕೈ ಹಾಕಲಿಲ್ಲ. ಬಣ್ಣದಕ್ಕನ ಗಂಡ ಇಬ್ಬರ ಮುಖವನ್ನೂ ನೋಡಿ ವಾಡಿಕೆಗಿಂತ ಬೇಗ ಚಪ್ಪಲಿ ಹುಡುಕಿದ.

“ಗೋಡೆ ಮೇಲೆ ನೋಡಿದೆ,” ಎಂದ ತಮ್ಮ.

ಅವಳಿಗೆ ಮೊದಲು ನಾಚಿಕೆಯಾಯಿತು, ಆಮೇಲೆ ಸಿಟ್ಟು ಬಂತು. ಸುಳ್ಳು ಬರೆದಿಲ್ಲವಲ್ಲ ಎಂದಳು. ಸುಳ್ಳು ಅಂತ ಯಾರು ಹೇಳಿದರು ಎಂದ ಅವನು. ಬೀರುವಿನ ಅಂಗಡಿಯವನು ಹೇಳಿದ್ದು ಕೇಳಿಸಿತ್ತಂತೆ. ತಿದ್ದಬೇಕು ಎಂದುಕೊಳ್ಳುವಷ್ಟರಲ್ಲಿ ನಾಲಿಗೆ ಬೇರೆ ಕಡೆಗೆ ಹೊರಳಿತಂತೆ. ಯಾಕೆ ಹೊರಳಿತು ಎಂದು ಅವಳು ಬಿಡದೆ ಕೇಳಿದಳು. ಅವನು ಮೇಜಿನ ಮೇಲಿನ ಚೂರುಗಳನ್ನು ಬೆರಳಿನಿಂದ ಒಂದೆಡೆ ಗುಡ್ಡೆ ಮಾಡುತ್ತ ಹೇಳತೊಡಗಿದ.

ಬಂದರಿನ ಬೀದಿಯ ಹಳಬರೆಲ್ಲ ಬೇರೆ ಬೇರೆ ಕಡೆ ಹೊರಟು ಹೋದರು, ಈಗಿರುವವರೆಲ್ಲ ಹೊಸಬರು. ಬೇಕರಿಯಲ್ಲಿ ಅಪ್ಪನ ದೊಡ್ಡ ಫೋಟೋ ಇದೆಯಲ್ಲ, ಬಂದ ಗಿರಾಕಿಗಳು ಅದನ್ನು ನೋಡಿ, ಹಳೇ ಮಾಲೀಕರ ಫೋಟೋ ಇನ್ನೂ ಇಟ್ಟುಕೊಂಡಿದ್ದೀರಲ್ಲ, ದೊಡ್ಡ ಮನಸ್ಸು ನಿಮ್ಮದು ಎಂದು ಹೊಗಳುತ್ತಾರಂತೆ. ಮೊದಮೊದಲು ಅವನು, ಅವರು ನಮ್ಮಪ್ಪ ಎನ್ನುತ್ತಿದ್ದ. ಕೆಲವರು ನಕ್ಕರು. ಕೆಲವರು, ತಂದೆಯ ಸಮಾನ ಅನ್ನಿ ಎಂದರು. ಒಬ್ಬಾಕೆ ದತ್ತು ತೆಗೆದುಕೊಂಡಿದ್ದರೇ ಎಂದು ಕೇಳಿದಳು. ಹೇಳಿ ಹೇಳಿ ಸಾಕಾಗಿ, ಈಗ ಸುಮ್ಮನೆ ತಲೆಯಾಡಿಸಿ ಬ್ರೆಡ್ಡು ಕಟ್ಟಿಕೊಡುತ್ತಾನೆ.

ಇದೆಲ್ಲ ಅವಳಿಗೆ ಹೊಸದು. ನನಗೆ ಯಾಕೆ ಹೇಳಲಿಲ್ಲ ಎಂದಳು.

“ನಿನಗೆ ಏನಂತ ಹೇಳಲಿ ಅಕ್ಕ? ನಿನ್ನ ಪಾಡು ನನಗಿಂತ ಕಷ್ಟ. ಬೆಳ್ಳಗಿರೋದೇ ಒಂದು ಕಷ್ಟ ಅಂತ ನಿನ್ನ ಹತ್ರ ಅಳೋಕಾಗುತ್ತಾ?” ಅವನು ತಲೆ ಎತ್ತಿದ. “ಆದ್ರೂ ಒಂದು ಮಾತು. ನಿನಗೆ ಅಪ್ಪನ್ನ ನೋಡಬೇಕು ಅನ್ನಿಸಿದ್ರೆ ಕನ್ನಡಿ ಸಾಕು. ನನಗೆ ಅದೂ ಇಲ್ಲ.”

ಅವಳು ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡು ಕೂತಳು. ಬಹುಶಃ ಅದೇ ಧೈರ್ಯ ಕೊಟ್ಟಿರಬೇಕು, ಅವನು ಆಸ್ಪತ್ರೆಯ ಮಧ್ಯಾಹ್ನದ ಮಾತು ತೆಗೆದ. ಫೋನು ಬಂದ ತಕ್ಷಣ ಒಲೆಯಿಂದ ನೇರ ಓಡಿ ಬಂದಿದ್ದ. ವಾರ್ಡಿನ ಬಾಗಿಲಲ್ಲಿ ನಿಂತಿದ್ದವನು ಮನೆಯವರಿಗೆ ಮಾತ್ರ ಪ್ರವೇಶ ಎಂದ. ನಾನು ಮಗ ಎಂದ ಇವನು. ಆ ಮನುಷ್ಯ ಗಾಜಿನೊಳಗಿಂದ ಹಾಸಿಗೆಯ ಕಡೆ ನೋಡಿದ, ಇವನ ಮುಖ ನೋಡಿದ. ಸಿಡುಕಲೂ ಇಲ್ಲ, ಮೆಲ್ಲನೆ ಹೆಗಲು ತಟ್ಟಿ, ಪ್ರೀತಿ ಇರುತ್ತೆ ಸ್ವಾಮಿ, ಆದರೆ ಮಗಳು ಒಳಗಿದ್ದಾರೆ, ಅವರಿಗೆ ಸ್ವಲ್ಪ ಹೊತ್ತು ಬಿಟ್ಟುಕೊಡಿ ಎಂದ.

“ಕೂಗಾಡಬಹುದಾಗಿತ್ತು,” ಎಂದ ತಮ್ಮ. “ಬಾಗಿಲು ತಳ್ಳಿಕೊಂಡು ಬರಬಹುದಾಗಿತ್ತು. ಆದರೆ ಅಪ್ಪ ಬಾಗಿಲ ಆಚೆಗೇ ಇದ್ರು. ನಾನು ಅವರ ಮಗ ಹೌದೋ ಅಲ್ವೋ ಅಂತ ಜಗಳ ಆಗೋದು, ಅದು ಅವರ ಕಿವಿಗೆ ಬೀಳೋದು ಬೇಡ ಅನ್ನಿಸ್ತು. ಅಷ್ಟೊತ್ತಿಗೆ ನೀನೇ ಹೊರಗೆ ಬಂದೆ.”

ಬಣ್ಣದಕ್ಕ ಎದ್ದು ಹೋಗಿ ನಲ್ಲಿ ತಿರುಗಿಸಿದಳು, ತೊಳೆದ ಲೋಟವನ್ನೇ ಮತ್ತೆ ತೊಳೆದಳು. ಆಮೇಲೆ ಒದ್ದೆ ಕೈಯಲ್ಲೇ ಬಂದು ಅವನ ತಲೆಯನ್ನು ತನ್ನ ಹೊಟ್ಟೆಗೆ ಅವುಚಿಕೊಂಡು ನಿಂತಳು. ಅಪ್ಪ ನಿನ್ನನ್ನು ಕೇಳಿದ್ದರು, ಎರಡು ಸಲ ಕೇಳಿದ್ದರು ಎಂದು ಈಗ ಹೇಳಿದಳು. ಅದನ್ನು ಅವಳು ಇಷ್ಟು ದಿನ ಅವನಿಗೆ ಹೇಳಿರಲಿಲ್ಲ, ಹೇಳದಿರುವುದೇ ಅವನಿಗೆ ಶಿಕ್ಷೆ ಎಂದುಕೊಂಡಿದ್ದಳು. ಇಬ್ಬರೂ ಅತ್ತರು. ಅವನು ಮೂಗು ಒರೆಸಿಕೊಳ್ಳಲು ಬ್ರೆಡ್ಡಿನ ಚೀಲಕ್ಕೆ ಕೈ ಹಾಕಿದಾಗ ಅವಳು ಬಟ್ಟೆ ಕೊಟ್ಟಳು.

ಸಮಾಧಾನವಾದ ಮೇಲೆ, ನಾಳೆಯೇ ಹೋಗಿ ಆ ಕಾರ್ಡು ಕಿತ್ತು ಹಾಕುತ್ತೇನೆ ಎಂದಳು. ಬೇಡ ಎಂದ ಅವನು. ಬರೆದದ್ದು ನಿಜ, ಇರಲಿ.

“ನಿಜಾನೇ,” ಎಂದಳು ಅವಳು. “ಬಾಗಿಲ ಹತ್ರ ಆಗಿದ್ದು ಬೇರೆ. ಬೀರುವಿನ ಅಂಗಡೀಲಿ ನೀನು ಹೇಳಬೇಕಾಗಿತ್ತು. ಅದೊಂದನ್ನ ನಾನು ಬಿಡೋದಿಲ್ಲ.”

“ಬಿಡಬೇಡ,” ಎಂದ ತಮ್ಮ. “ಹೇಳಬೇಕಾಗಿತ್ತು.”

ಮರುವಾರದ ತರಗತಿಗೆ ಅವನೂ ಬಂದ. ಹೆಗಲಿನ ಮೇಲೆ ಹಿಟ್ಟಿನ ಗುರುತಿದ್ದ ಬಿಳಿಯ ಗಂಡಸು ಬಣ್ಣದಕ್ಕನ ಪಕ್ಕದ ಕುರ್ಚಿ ಎಳೆದುಕೊಂಡು ಕೂತಾಗ ಟ್ರಾಫಿಕ್ ಪೊಲೀಸಿನವನು ಯಾರೆಂದು ಕೇಳುವವನಿದ್ದ, ನರ್ಸು ಅವನ ಕಾಲು ತುಳಿದಳು. ತಮ್ಮನಿಗೆ ಬರೆದು ಅಭ್ಯಾಸವಿಲ್ಲ. ಕೇಕಿನ ಮೇಲೆ ಬರೆದಷ್ಟೇ ಅವನ ಬರವಣಿಗೆ. ಅಕ್ಕ ಇಣುಕದಂತೆ ಮೊಣಕೈ ಅಡ್ಡ ಇಟ್ಟುಕೊಂಡು ಬರೆದ. ಮೇಡಂ ಓದಿ ಹೇಳಿದರು:

‘ನನ್ನ ಅಂಗಡಿಯ ಗೋಡೆಯ ಮೇಲಿರುವ ಕಪ್ಪು ಮನುಷ್ಯ ಹಳೇ ಮಾಲೀಕರಲ್ಲ. ನಮ್ಮಪ್ಪ. ಪಕ್ಕದ ಕಾರ್ಡು ಬರೆದವಳು ನಮ್ಮಕ್ಕ.’

ಉಸಿರು ಸ್ವಲ್ಪ ಜಾಸ್ತಿ ಬೇಕಾಯಿತು, ಪರವಾಗಿಲ್ಲ ಎಂದು ಮೇಡಂ ಅದನ್ನು ಅವಳ ಕಾರ್ಡಿಗೆ ತಾಗಿಸಿ ಅಂಟಿಸಿದರು.

ಅದರಿಂದ ಊರು ಬದಲಾಯಿತೆಂದೇನೂ ಅಲ್ಲ. ಗೋಡೆ ಓದಿದವರು ಒಬ್ಬಿಬ್ಬರು ಬೇಕರಿಗೆ ಬಂದು ಫೋಟೋದ ಮುಂದೆ ನಿಂತು, ನಿಮ್ಮ ತಂದೆಯ ಕಣ್ಣು ನಿಮಗೆ ಬಂದಿದೆ ಎಂದು ಹೇಳಿಹೋದರು. ಉಳಿದವರು ಈಗಲೂ ದೊಡ್ಡ ಮನಸ್ಸು ಎಂದೇ ಹೊಗಳುತ್ತಾರೆ. ಬದಲಾದವನು ತಮ್ಮ, ಅದೂ ವಿಪರೀತಕ್ಕೆ ಹೋದ. ಈಗ ಅಕ್ಕನ ಜೊತೆ ಹೊರಟರೆ ಯಾರೂ ಕೇಳುವ ಮೊದಲೇ ‘ನಮ್ಮಕ್ಕ’ ಎಂದು ಶುರು ಮಾಡುತ್ತಾನೆ. ಔಷಧಿ ಅಂಗಡಿಯವನಿಗೆ ಹೇಳಿದ, ಲಿಫ್ಟಿನಲ್ಲಿ ಜೊತೆಗಿದ್ದ ಅಪರಿಚಿತನಿಗೆ ಹೇಳಿದ. ಒಮ್ಮೆ ಕಾರ್ಯಾಗಾರಕ್ಕೆ ಬಂದವನು, ಕೈ ಚಾಚಿ ಕೂತಿದ್ದ ಪಾಪದ ಮುದುಕನಿಗೂ ಹೇಳಿದ. ಮುದುಕ ಇಬ್ಬರನ್ನೂ ನೋಡಿ, ಅದಕ್ಕೇನೀಗ ಎಂದ. ಅವಳಿಗೆ ನಗು ತಡೆಯಲಾಗದೆ ಕುಂಚ ಕೆಳಗಿಡಬೇಕಾಯಿತು.

ತರಗತಿಗೆ ಇಬ್ಬರೂ ಇನ್ನೂ ಹೋಗುತ್ತಾರೆ. ಅವನಿಗೆ ಬರೆಯುವ ಹುಚ್ಚು ಹತ್ತಿದೆ, ಬರೆದದ್ದರಲ್ಲಿ ಒಂದಕ್ಷರ ತೆಗೆಯಲು ಒಪ್ಪುವುದಿಲ್ಲ, ಮೇಡಂ ಕನ್ನಡಕ ತೆಗೆದು ಕಣ್ಣು ಒತ್ತಿಕೊಳ್ಳುತ್ತಾರೆ. ಬಣ್ಣದಕ್ಕನ ಸಾಲುಗಳು ಮಾತ್ರ ದಿನದಿನಕ್ಕೆ ಚಿಕ್ಕವಾಗುತ್ತಿವೆ. ಮೊನ್ನೆ, ಯಾವ ವಿಷಯವಾದರೂ ಬರೆಯಿರಿ ಎಂದಾಗ, ಬಣ್ಣದ ಗೊಡವೆಗೆ ಹೋಗದೆ ತನ್ನ ಮೊಣಕಾಲು ನೋವಿನ ಬಗ್ಗೆ ಒಂದೇ ಸಾಲು ಬರೆದು, ಎಲ್ಲರಿಗಿಂತ ಮೊದಲು ಎದ್ದು, ಚಹಾಕ್ಕೆ ನೀರಿಡಲು ಹೋದಳು.